ನಾಲ್ಕು ಕಾಲಿನ ಪಾತರಗಿತ್ತಿ

ಎಪ್ಪತ್ತರ ದಶಕದ ನಡುವಿನ ವರ್ಷಗಳಲ್ಲಿ ತಿಕೋಟಾ ಸುತ್ತಮುತ್ತ ಪಾತರಗಿತ್ತಿಗಳ ವಿಷಯಕ್ಕೆ ಒಬ್ಬನೇ ಪಂಡಿತನಿದ್ದ. ಅದು ನಾನು. ಪೈಪೋಟಿಗೆ ಯಾರೂ ಇರದ ಕಾರಣ ಪದವಿ ಸಲೀಸಾಗಿ ಸಿಕ್ಕಿತ್ತು. ವಿಜಾಪುರದಲ್ಲಿ ಬಿ.ಎಸ್ಸಿ. ಮುಗಿಸಿ ಅಲ್ಲಿಯೇ ವಿಜ್ಞಾನದ ಮಾಸ್ತರನಾಗಿದ್ದೆ. ದಿನಾ ಊರಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ರವಿವಾರ ಬಂತೆಂದರೆ ಹಳೇ ಸೊಳ್ಳೆಪರದೆಯಲ್ಲಿ ಮಾಡಿದ ಬಲೆಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಅಥಣಿ ರಸ್ತೆ ಹಿಡಿಯುತ್ತಿದ್ದೆ. "ಇಲ್ಲಿ ಮೀನ ಎಲ್ಲಿ ಸಿಗತಾವ್ರಿ ಮಾಸ್ತರ?" ಎಂದು ಎದುರು ಬಂದ ರೈತರು ಕೇಳುತ್ತಿದ್ದರು. ನಾನು ಜೋರಾಗಿ ಪೆಡಲ್ ತುಳಿಯುತ್ತಿದ್ದೆ.

ಕಾಲೇಜಿನ ಪ್ರಾಧ್ಯಾಪಕರೊಬ್ಬರು ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದನ್ನು ಕೊಟ್ಟಿದ್ದರು. ಅದರಲ್ಲಿದ್ದವೆಲ್ಲ ಇಂಗ್ಲೆಂಡಿನ ಚಿಟ್ಟೆಗಳು. ಅವನ್ನು ನಾನು ಇಟ್ಟಂಗಿಹಾಳದ ಜೋಳದ ಹೊಲಗಳಲ್ಲಿ ಹುಡುಕುತ್ತಿದ್ದೆ. ರೆಕ್ಕೆಯ ಬಣ್ಣ ಅಲ್ಪಸ್ವಲ್ಪ ಹೊಂದಿದರೆ ಸಾಕು, ಹೆಸರು ನೋಟ್‌ಬುಕ್ಕಿಗೆ ಏರುತ್ತಿತ್ತು. ವರ್ಷ ತುಂಬುವಷ್ಟರಲ್ಲಿ ಅರ್ಧ ಇಂಗ್ಲೆಂಡು ನಮ್ಮ ಬದುಗಳ ಮೇಲೆ ವಾಸವಾಗಿತ್ತು. ಚಿಟ್ಟೆಯೊಂದು ಬಂದು ಕೂತರೆ ನಾನು ಮೊದಲು ನೋಡುತ್ತಿದ್ದುದು ಪುಸ್ತಕವನ್ನು. ತಲೆ ಎತ್ತುವಷ್ಟರಲ್ಲಿ ಅದು ಹಾರಿಹೋಗಿರುತ್ತಿತ್ತು.

ಮನೆಯಲ್ಲಿ ವೈನಿ ಇದ್ದರು, ಅಣ್ಣನ ಹೆಂಡತಿ. ಬಬಲೇಶ್ವರದ ಮಗಳು, ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವರು. ಕಳ್ಳಕವಟಗಿ ಹಾದಿಯ ನಮ್ಮ ಹೊಲಕ್ಕೆ ಬುತ್ತಿ ಒಯ್ದಾಗ ಆಳುಗಳು ಉಂಡೇಳುವ ತನಕ ಎಕ್ಕೆಗಿಡದ ಹತ್ತಿರ ಕೂತಿರುತ್ತಿದ್ದರು. ಎಕ್ಕೆಯ ಎಲೆ ಮೇಯುವ ಪಟ್ಟೆಪಟ್ಟೆ ಹುಳ ಎಲೆಯಡಿ ಹಸಿರು ಮಣಿಯಾಗಿ ತೂಗುತ್ತದೆ, ಆಮೇಲೆ ಅದರಿಂದ ಕೆಂಪು ಪಾತರಗಿತ್ತಿ ಹೊರಬರುತ್ತದೆ ಎಂದು ಒಮ್ಮೆ ನನಗೆ ಹೇಳಿದ್ದರು. ದೀಪಕ್ಕೆ ಬರುವ ಪತಂಗ ಗೋಡೆಯ ಮೇಲೆ ರೆಕ್ಕೆ ಚಾಚಿ ಕೂಡುತ್ತದೆ, ಇದು ಕೈಮುಗಿದ ಹಾಗೆ ಕೂಡುತ್ತದೆ ಎಂದೂ ಹೇಳಿದ್ದರು. ನಾನು ಹೂಂ ಅಂದಿದ್ದೆ. ಎಕ್ಕೆಯ ಹುಳ ನನ್ನ ಪುಸ್ತಕದಲ್ಲಿ ಇರಲಿಲ್ಲ, ಹಾಗಾಗಿ ಬರೆದುಕೊಳ್ಳಲಿಲ್ಲ.

ಆ ವರ್ಷ ಬಬಲೇಶ್ವರದ ಹೆಣ್ಣುಮಕ್ಕಳು ಸೇರಿ ಕಸೂತಿಯ ಪ್ರದರ್ಶನ ಇಟ್ಟರು. ಎಲ್ಲಕ್ಕಿಂತ ಚೆನ್ನಾಗಿರುವ ಅರಿವೆಯನ್ನು ಬಾಗಿಲ ಮೇಲೆ ತೂಗುಹಾಕುವುದೆಂದು ಮಾತಾಗಿತ್ತು. ವೈನಿ ಮೂರು ತಿಂಗಳು ಮಧ್ಯಾಹ್ನದ ನಿದ್ದೆ ಬಿಟ್ಟು ಒಂದು ಎಕ್ಕೆಗಿಡ, ಅದರ ಮೇಲೆ ಏಳು ಕೆಂಪು ಪಾತರಗಿತ್ತಿ ಹೊಲಿದರು. "ನನ್ನ ಜೋಡಿ ಬೆಳದಾಕಿಗೋಳು ಎಲ್ಲಾರೂ ಬರತಾರ. ಬಾಗಲದಾಗ ನಂದ ಇರಬೇಕ ನೋಡ್ರಿ," ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಪರೀಕ್ಷಕರಾಗಲು ಓದಿದವರೊಬ್ಬರು ಬೇಕೆಂದಾಗ ನನ್ನ ಹೆಸರು ಹೇಳಿದವರೂ ಅವರೇ.

ಒಂದು ಕೈ ಬೆನ್ನ ಹಿಂದಿಟ್ಟು, ಇನ್ನೊಂದರಲ್ಲಿ ಶಾಲೆಯ ಭೂತಕನ್ನಡಿ ಹಿಡಿದುಕೊಂಡು, ಸಾಹೇಬರ ಹಾಗೆ ಒಂದು ಸುತ್ತು ಹಾಕಿದೆ. ಅಲ್ಲಿದ್ದವರೆಲ್ಲ ವೈನಿಯ ಅರಿವೆಯ ಮುಂದೆಯೇ ನಿಂತಿದ್ದರು. "ಇದ ಬಾಗಲಕ್ಕ," ಎಂದು ಹಿರಿಯ ಹೆಂಗಸೊಬ್ಬರು ತೀರ್ಮಾನ ಕೊಟ್ಟೂ ಆಗಿತ್ತು. ಹಾಗಾದರೆ ನನ್ನನ್ನು ಕರೆಸಿದ್ದು ಯಾಕೆ? ಮನೆಯವರ ಪಕ್ಷ ವಹಿಸಿದ ಎಂಬ ಮಾತು ಬಂದೀತೆಂಬ ಅಂಜಿಕೆ ಒಂದು, ಬಿ.ಎಸ್ಸಿ.ಯ ತುರಿಕೆ ಇನ್ನೊಂದು. ಬಗ್ಗಿ ಕಾಲು ಎಣಿಸಿದೆ.

"ಕೀಟ ಅಂದಮ್ಯಾಲೆ ಆರ ಕಾಲು ಇರಬೇಕು," ಎಂದೆ. "ಇವಕ್ಕ ನಾಕ ಅದಾವು. ಇವು ಪಾತರಗಿತ್ತಿ ಅಲ್ಲ, ರೆಕ್ಕಿ ಬಂದ ಆಡು."

ಎಲ್ಲರೂ ನಕ್ಕರು. ವೈನಿ ನಗಲಿಲ್ಲ. "ನಾ ಎಣಿಸೇ ಹಾಕೀನ್ರಿ ಮಾಸ್ತರ. ಎಕ್ಕಿ ಮ್ಯಾಲ ಕುಂತಾಗ ನಾಕ ಕಾಣತಾವು."

"ನಿಮ್ಮ ಎಣಿಕಿ ತಪ್ಪಿರತೈತಿ ವೈನಿ. ವಿಜ್ಞಾನ ತಪ್ಪೂದಿಲ್ಲ."

ಬಾಗಿಲ ಜಾಗ ಗಿಣಿಯ ಅರಿವೆಗೆ ಹೋಯಿತು. ಆ ಗಿಣಿಯ ಕೊಕ್ಕಿನಲ್ಲಿ ಹಲ್ಲಿದ್ದವು. ಆದರೆ ಕಾಲು ಸರಿಯಾಗಿ ಎರಡಿದ್ದವು. ವೈನಿ ತಮ್ಮ ಅರಿವೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. ವಿಜಾಪುರದಲ್ಲಿ ಬಸ್ಸು ಬದಲಿಸುವಾಗ "ಕಬ್ಬಿನ ಹಾಲು ಕುಡೀತೀರೇನು?" ಎಂದು ಕೇಳಿದೆ. ಬೇಡವೆಂದು ತಲೆಯಾಡಿಸಿದರು. ನಾನೊಬ್ಬನೇ ಕುಡಿದೆ.

ಮಳೆಗಾಲ ಮುಗಿದ ಮೇಲೆ ಒಂದು ರವಿವಾರ ಇಟ್ಟಂಗಿಹಾಳದ ಹತ್ತಿರ ಸೈಕಲ್ ಪಂಕ್ಚರ್ ಆಯಿತು. ಪುಸ್ತಕ ಮನೆಯಲ್ಲೇ ಉಳಿದಿತ್ತು. ಬೇರೆ ಕೆಲಸವಿಲ್ಲದೆ ದಾರಿ ಪಕ್ಕದ ಎಕ್ಕೆಗಿಡದ ಬಳಿ ಕೂತೆ. ಕೆಂಪು ಪಾತರಗಿತ್ತಿಯೊಂದು ಬಂದು, ರೆಕ್ಕೆ ಮುಗಿದು, ಒಂದು ಗೇಣು ದೂರದಲ್ಲಿ ಕೂತಿತು. ರೆಕ್ಕೆಯ ಅಂಚಿನ ಕಪ್ಪಿನೊಳಗೆ ಸುಣ್ಣದ ಚುಕ್ಕೆ ಇಟ್ಟ ಹಾಗಿತ್ತು. ಇಷ್ಟು ಚಂದದ ಪ್ರಾಣಿಯನ್ನು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ ಎನಿಸಿತು. ಕಾಲು ಎಣಿಸಿದೆ. ನಾಲ್ಕು. ಇನ್ನೊಂದು ಬಂತು, ಅದಕ್ಕೂ ನಾಲ್ಕು. ಸಂಜೆಯವರೆಗೆ ಎಣಿಸಿದೆ, ಒಂದೂ ನನ್ನ ಮಾನ ಉಳಿಸಲಿಲ್ಲ.

ಪ್ರಾಧ್ಯಾಪಕರ ಬಳಿ ಓಡಿದೆ. ಈ ಕುಲದ ಚಿಟ್ಟೆಗಳಿಗೆ ಮುಂದಿನ ಎರಡು ಕಾಲು ಸಣ್ಣವು, ಎದೆಗೆ ಮಡಚಿಕೊಂಡಿರುತ್ತವೆ, ಕೂಡಲು ನಿಲ್ಲಲು ನಾಲ್ಕೇ ಎಂದರು. "ನಾ ಕೊಟ್ಟ ಪುಸ್ತಕದ ಮೊದಲನೇ ಅಧ್ಯಾಯದಾಗ ಐತೆಲ್ಲೋ," ಎಂದೂ ಸೇರಿಸಿದರು. ನಾನು ಚಿತ್ರ ಬಿಟ್ಟು ಬೇರೇನೂ ನೋಡಿರಲಿಲ್ಲ.

ಮನೆಗೆ ಬಂದಾಗ ವೈನಿ ರೊಟ್ಟಿ ಬಡಿಯುತ್ತಿದ್ದರು. ನನಗೆ ನಿಜಕ್ಕೂ ನಾಚಿಕೆಯಾಗಿತ್ತು. ಎಲ್ಲವನ್ನೂ ಹೇಳಿ, ತಪ್ಪಾಯಿತು ಎಂದೆ. ಅವರು ಕೈ ನಿಲ್ಲಿಸಲಿಲ್ಲ.

"ನನಗ್ಯಾಕ ಹೇಳತೀರಿ? ನನಗ ಗೊತ್ತೇ ಇತ್ತು. ಎಲ್ಲಿ ನಗಿಸಿದ್ರಿ, ಅಲ್ಲಿ ಹೇಳ್ರಿ."

ಹೇಳುತ್ತೇನೆಂದು ಮಾತು ಕೊಟ್ಟೆ. ಮರುವರ್ಷದ ಪ್ರದರ್ಶನದಲ್ಲಿ ಭಾಷಣಕ್ಕೇ ಕರೆ ಬಂತು. ಈ ಸಲ ವೈನಿ ಏನನ್ನೂ ಹೊಲಿದಿರಲಿಲ್ಲ, ಆದರೂ ನನ್ನ ಜೊತೆ ಬಂದು ಎರಡನೇ ಸಾಲಿನಲ್ಲಿ ಕೂತರು. ನಾನು ಎದ್ದುನಿಂತು ಪಾತರಗಿತ್ತಿಯ ನಾಲ್ಕು ಕಾಲಿನ ಸಂಗತಿ ಹೇಳತೊಡಗಿದೆ. ಸಭೆ ಬೆರಗಾಗಿ ಕೇಳುತ್ತಿತ್ತು. ಬೆರಗಾದ ಸಭೆಯ ಮುಂದೆ ನಿಂತವನಿಗೆ ಏನಾಗುತ್ತದೋ ನನಗೂ ಅದೇ ಆಯಿತು. 'ನಮ್ಮ ವೈನಿ' ಎಂದು ಶುರುವಾಗಬೇಕಿದ್ದ ವಾಕ್ಯ "ನಾನು ಸ್ವತಃ ಬಿಸಿಲಿನಲ್ಲಿ ಕುಳಿತು ಕಂಡುಕೊಂಡ ಸತ್ಯವೆಂದರೆ" ಎಂದು ಬಾಯಿಂದ ಹೊರಬಿತ್ತು. ಚಪ್ಪಾಳೆ ಬಿದ್ದವು. ಹಾರ ಹಾಕಿದರು.

ಚಹಾದ ಹೊತ್ತಿಗೆ ವೈನಿಯ ಬಾಲ್ಯದ ಗೆಳತಿಯೊಬ್ಬರು ಅವರ ಕೈ ಹಿಡಿದುಕೊಂಡು ನನ್ನ ಹತ್ತಿರ ಬಂದರು. ಹೋದ ವರ್ಷ ವೈನಿ ಕಾಲು ಹೊಲಿಯುವುದರಲ್ಲಿ ಏನೋ ತಪ್ಪು ಮಾಡಿದ್ದರು ಎಂಬುದಷ್ಟೇ ಆಕೆಗೆ ನೆನಪಿತ್ತು. ಅವರು ಹೊಲಿದದ್ದೂ ನಾಲ್ಕೇ ಕಾಲು ಎಂಬುದು ಮರೆತುಹೋಗಿತ್ತು.

"ಎಷ್ಟ ಶಾಣ್ಯಾ ಅದಾನ ಬೇ ನಿನ್ನ ಮೈದುನ," ಎಂದರು. "ಕಾಲಿಂದು ಇವನ್ನ ಮೊದಲ ಕೇಳಿ ಹೊಲದಿದ್ರ, ಹ್ವಾದ ವರ್ಷ ಹಂಗ ನಗಿಪಾಟಲ ಆಗತಿದ್ದಿಲ್ಲ ನೋಡು."

ವೈನಿ, ಉತ್ತರ ನಾನು ಕೊಡಲಿ ಎಂದು ನನ್ನ ಕಡೆ ನೋಡುತ್ತ ನಿಂತರು. ನನ್ನ ಕೊರಳಲ್ಲಿ ಹಾರವಿತ್ತು, ಕೈಯಲ್ಲಿ ಕಪ್ಪಿತ್ತು. ನಾನು ಚಹಾ ಕುಡಿದೆ.