ಕೆಂಪು ನೆಲದ ಮೇಸ್ತ್ರಿ

ಹಸಿ ಸಿಮೆಂಟಿನ ವಾಸನೆ ಬಂದಾಗ ನಾನು ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದೆ. ಕೈ ಹಾಗೇ ನಿಂತುಬಿಟ್ಟಿತು.

ನೆಲಕ್ಕೆ ಲ್ಯಾಮಿನೇಟ್ ಹಲಗೆ ಹಾಕಲು ಇಬ್ಬರು ಕೆಲಸಗಾರರು ಬಂದಿದ್ದರು. ಹಳೆಯ ಕೆಂಪು ನೆಲ ಚಳಿಗಾಲದಲ್ಲಿ ಕೊರೆಯುತ್ತದೆ, ನಿನ್ನ ಮಂಡಿಗೆ ಆಗುವುದಿಲ್ಲ ಎಂದು ಮಗಳ ಹಟ. ಹಲಗೆ ಜೋಡಿಸುವ ಮೊದಲು ನೆಲ ಸಮ ಇರಬೇಕಂತೆ. ನಡುಮನೆಯದು ಸಮವಾಗಿಯೇ ಇತ್ತು. ಹಿಂದಿನ ಸಣ್ಣ ಕೋಣೆಯಲ್ಲಿ ಮಾತ್ರ ಬಿರುಕುಗಳಿದ್ದವು. ಅವಕ್ಕೆ ಸಿಮೆಂಟು ಕಲಸಿ ಮೆತ್ತುತ್ತಿದ್ದರು.

"ಆಂಟಿ, ನಡುಮನೆ ನೆಲ ಯಾರು ಮಾಡಿದ್ದು? ಸಖತ್ತಾಗಿದೆ," ಎಂದ ಅವರಲ್ಲಿ ಹಿರಿಯವನು.

"ಒಬ್ಬರು ಮೇಸ್ತ್ರಿ ಇದ್ರು."

"ಈ ರೂಮು ಅವರ ಕೈಯದ್ದಲ್ಲ ಬಿಡಿ."

ಅಲ್ಲ ಎಂದೆ. ಯಾಕೆ ಅಲ್ಲ ಎಂದು ಅವನು ಕೇಳಲಿಲ್ಲ...

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಜಯನಗರದ ಬಾಡಿಗೆ ಮನೆಯಲ್ಲಿದ್ದ ನಾವು ಬನಶಂಕರಿಯಲ್ಲಿ, ಕತ್ರಿಗುಪ್ಪೆಯ ಕಡೆಗೆ, ಈ ಮನೆ ಕಟ್ಟಿಸುತ್ತಿದ್ದೆವು. ಸುತ್ತ ಇನ್ನೂ ರಾಗಿ ಹೊಲಗಳಿದ್ದವು. ಯಜಮಾನರಿಗೆ ಕಾರ್ಖಾನೆಯ ಕೆಲಸ, ಬಿಡುವಿರಲಿಲ್ಲ. ನಾನು ಶಾಲೆಯಲ್ಲಿ ಪಾಠ ಮುಗಿಸಿ ಮಧ್ಯಾಹ್ನದ ಮೇಲೆ ಬಂದು ಕೆಲಸ ನೋಡಿಕೊಳ್ಳುತ್ತಿದ್ದೆ. ಆಗ ನನಗೆ ಐದು ತಿಂಗಳು ತುಂಬಿತ್ತು.

ಗೋಡೆ, ತಾರಸಿ ಎಲ್ಲ ಮುಗಿದ ಮೇಲೆ ನೆಲಕ್ಕೆಂದೇ ಬಂದವರು ಆ ಮೇಸ್ತ್ರಿ. ಐವತ್ತರ ಹತ್ತಿರದ ವಯಸ್ಸು, ತೆಳ್ಳಗಿನ ಮೈ, ಉಗುರಿನ ಸಂದಿಯಲ್ಲಿ ಎಂದೂ ಹೋಗದ ಕೆಂಪು. ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ ನೆಲಕ್ಕೆ ಹರಡಿದರೆಂದರೆ, ಮುಗಿಯುವ ತನಕ ಕುಕ್ಕರಗಾಲಿನಲ್ಲೇ ಇರುತ್ತಿದ್ದರು. ಕರಣೆಯಿಂದ ಉಜ್ಜುತ್ತ, ಉಜ್ಜುತ್ತ, ಹಿಂದಕ್ಕೆ ಸರಿಯುತ್ತ ಬಾಗಿಲಿನವರೆಗೆ ಬರುವರು. ನಡುವೆ ಯಾರು ಕರೆದರೂ ಏಳುತ್ತಿರಲಿಲ್ಲ. ಎದ್ದರೆ ಅಷ್ಟರಲ್ಲಿ ಸಿಮೆಂಟು ಬಿಗಿದು ಹೊಳಪು ಬರುವುದಿಲ್ಲ ಎನ್ನುತ್ತಿದ್ದರು.

ಬಂದ ಮೂರನೆಯ ದಿನವೋ ನಾಲ್ಕನೆಯ ದಿನವೋ, ನಾನು ಬೀಗ ಹಿಡಿದು ಹೊರಗೆ ನಿಂತಿದ್ದೆ. ಸಂಜೆಯ ಬಿಸಿಲು ಇನ್ನೂ ಇತ್ತು. ಅವರು ಕೈಕಾಲು ತೊಳೆದು, ಹೊಸ್ತಿಲ ಬಳಿ ನಿಂತು, ಖಾಲಿ ಮನೆಯೊಳಕ್ಕೆ ಕೂಗಿದರು.

"ಬಾ ಪುಟ್ಟಿ, ಹೊತ್ತಾಯ್ತು. ಹೋಗಣ."

ಮಗುವೊಂದು ಓಡಿ ಬರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾದರು. ಆಮೇಲೆ ತೋರುಬೆರಳನ್ನು ತುಸು ಕೆಳಕ್ಕೆ ಚಾಚಿ, ಯಾರೋ ಅದನ್ನು ಹಿಡಿದಿದ್ದಾರೆಂಬಂತೆ, ಸಣ್ಣ ಸಣ್ಣ ಹೆಜ್ಜೆ ಇಡುತ್ತ ಹೊರಟುಹೋದರು. ನನ್ನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು.

ಮರುದಿನ, ಜಲ್ಲಿ ಹೊರುತ್ತಿದ್ದ ಹೆಂಗಸನ್ನು ಬದಿಗೆ ಕರೆದು ವಿಚಾರಿಸಿದೆ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಹೇಳಿದಳು. "ಅವ್ರ ಮಗ್ಳು ಅಮ್ಮಾ. ಐದು ವರ್ಷದ್ದು. ಜಯನಗರದಲ್ಲಿ ಒಂದು ಮನೆ ಕೆಲ್ಸಕ್ಕೆ ಜೊತೇಲಿ ಬಂದಿತ್ತು. ಇವ್ರು ನೆಲ ಉಜ್ತಾ ಇದ್ರು. ಹೊರಗಡೆಯಿಂದ 'ಅಪ್ಪಾ' ಅಂತ ಕರೀತಂತೆ. 'ಇರು ಪುಟ್ಟಿ, ಬಂದೆ' ಅಂದ್ರಂತೆ. ನೆಲ ಮುಗಿಸಿ ಎದ್ದು ಬರೋ ಹೊತ್ಗೆ ನೀರಿನ ತೊಟ್ಟೀಲಿ..."

ಅವಳು ಬಾಂಡಲಿ ಎತ್ತಿಕೊಂಡು ಹೋದಳು.

ಅಂದಿನಿಂದ ಸಂಜೆ ಅವರು ಕರೆಯುವಾಗ ನಾನು ಪಕ್ಕಕ್ಕೆ ಸರಿದು ಬಾಗಿಲಲ್ಲಿ ದಾರಿ ಬಿಡುತ್ತಿದ್ದೆ. ಯಾಕೆ ಹಾಗೆ ಮಾಡುತ್ತಿದ್ದೆನೋ... ಭಯ ಹೋಗಿರಲಿಲ್ಲ. ಆದರೆ ಆ ಬೆರಳಿಗೆ ಅಡ್ಡ ನಿಲ್ಲುವುದೂ ನನ್ನಿಂದಾಗುತ್ತಿರಲಿಲ್ಲ.

ನಡುಮನೆ ಮುಗಿಯಿತು. ಸಣ್ಣ ಕೋಣೆಗೆ ಕೈ ಹಾಕುವ ಹೊತ್ತಿಗೆ ಅತ್ತೆ ಮನೆ ನೋಡಲು ಬಂದರು. ಸಂಜೆ ಮೇಸ್ತ್ರಿ ಕರೆಯುವುದನ್ನು ಅವರೂ ಕಂಡರು. ಕರೆಯುವುದು ಯಾರನ್ನೆಂದು ಜಲ್ಲಿ ಹೊರುವ ಹೆಂಗಸನ್ನೇ ಕೇಳಿ ತಿಳಿದುಕೊಂಡರು. ಮನೆಗೆ ಬಂದ ಮೇಲೆ, "ಬಸುರಿ ಓಡಾಡೋ ಮನೇಲಿ ಸತ್ತ ಮಗೂನ ಕರೀತಾನಲ್ಲೇ! ನಾಳೆಯಿಂದ ಅವನು ಬೇಡ," ಎಂದರು. ಪಾಪ, ಮಗಳನ್ನು ಕಳಕೊಂಡವರು ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ನಿಜ ಹೇಳಬೇಕೆಂದರೆ, ಅತ್ತೆ ಆ ಮಾತನ್ನಾಡಿದಾಗ ನನ್ನ ಎದೆ ಒಂದಿಷ್ಟು ಹಗುರಾಯಿತು.

ಮರುದಿನ ಮಧ್ಯಾಹ್ನ ನಾವಿಬ್ಬರೂ ಹೋದಾಗ ಮೇಸ್ತ್ರಿ ಟೀ ಕುಡಿಯಲು ಹೋಗಿದ್ದರು. ಅತ್ತೆ ಅವರ ಕರಣೆ, ಮಟ್ಟದ ಕೋಲು, ಚೀಲ ಎಲ್ಲವನ್ನೂ ಗೇಟಿನ ಹೊರಗೆ ಇಡಿಸಿದರು. ಅವರು ಬಂದು ಅದನ್ನು ನೋಡಿದರು. ಏನು ತಪ್ಪಾಯಿತು ಎಂದು ಕೇಳಲಿಲ್ಲ. ಈ ಹಿಂದೆಯೂ ಯಾರ ಮನೆಯಲ್ಲಾದರೂ ಹೀಗೇ ಆಗಿತ್ತೋ ಏನೋ. ನಡುಮನೆಯಲ್ಲಿ ಇನ್ನೂ ನಾಲ್ಕು ದಿನ ನೀರು ನಿಲ್ಲಿಸಿ ಎಂದಷ್ಟೇ ಹೇಳಿ ಚೀಲ ಎತ್ತಿಕೊಂಡರು. ಎರಡು ಹೆಜ್ಜೆ ಹೋದವರು ತಿರುಗಿ ನಿಂತರು.

"ಅಮ್ಮಾ, ಒಂದೇ ಒಂದು ಸಲ ಒಳಗೆ ಹೋಗಿ ಬರ್ತೀನಿ. ಕರ್ಕೊಂಡು ಹೋಗ್ಬಿಡ್ತೀನಿ."

"ಬೇಡಪ್ಪ, ಹೋಗು," ಎಂದರು ಅತ್ತೆ.

ಅವರು ನನ್ನ ಕಡೆ ನೋಡಿದರು. "ಅವ್ಳು ಯಾರ್ಗೂ ಏನೂ ಮಾಡಲ್ಲಮ್ಮ. ಸಣ್ಣೋಳು. ಬರೀ ಆಟ ಆಡ್ತಾಳೆ."

ನಾನು ಗೇಟಿನ ಸರಳು ಹಿಡಿದು ನಿಂತೇ ಇದ್ದೆ. ಅವರು ಸ್ವಲ್ಪ ಹೊತ್ತು ಬಾಗಿಲನ್ನೇ ನೋಡಿದರು. ಆಮೇಲೆ ಎರಡೂ ಕೈಯಲ್ಲಿ ಚೀಲ ಅಪ್ಪಿಕೊಂಡು ಹೋದರು.

ಸಣ್ಣ ಕೋಣೆಯ ನೆಲವನ್ನು ಬೇರೊಬ್ಬರು ಮುಗಿಸಿದರು. ಗೃಹಪ್ರವೇಶವಾಯಿತು. ಸಂಜೆಯ ಹೊತ್ತು ಆ ಮನೆಯಲ್ಲಿ ಒಬ್ಬಳೇ ಇರಲು ನನ್ನಿಂದಾಗುತ್ತಿರಲಿಲ್ಲ. ಸದ್ದೇನೂ ಕೇಳಿಸುತ್ತಿರಲಿಲ್ಲ, ಏನೂ ಕಾಣಿಸುತ್ತಿರಲಿಲ್ಲ. ಆದರೂ ಐದೂವರೆಯಾದರೆ ಯಾರೋ ಕಾಯುತ್ತಿದ್ದಾರೆ ಅನ್ನಿಸುತ್ತಿತ್ತು. ಒಂದು ದಿನ ಹೊಸ್ತಿಲಲ್ಲಿ ನಿಂತು ನಾನೇ "ಪುಟ್ಟೀ" ಎಂದು ಕರೆದೆ. ನನ್ನ ದನಿಗೆ ನಾನೇ ನಾಚಿ ಒಳಗೆ ಬಂದೆ.

ಮಗಳು ಹುಟ್ಟಿ ಐದು ತಿಂಗಳಾದ ಮೇಲೆ, ಆ ಜಲ್ಲಿ ಹೊರುವ ಹೆಂಗಸು ಹೇಳಿದ ಗುರುತು ಹಿಡಿದು, ಕೂಸನ್ನು ಎತ್ತಿಕೊಂಡು ಬಸ್ಸಿನಲ್ಲಿ ಹುಳಿಮಾವಿಗೆ ಹೋದೆ. ಕೆರೆಯ ಹತ್ತಿರ ಹೆಂಚಿನ ಮನೆ. ಮೇಸ್ತ್ರಿ ಜಗಲಿಯ ಮೇಲೆ ಕೂತಿದ್ದರು. ಉಗುರುಗಳಲ್ಲಿ ಕೆಂಪು ಇರಲಿಲ್ಲ. ನಮ್ಮ ಮನೆಯ ನಂತರ ಅವರು ಯಾವ ಕೆಲಸಕ್ಕೂ ಹೋಗಿಲ್ಲ ಎಂದು ಅವರ ಹೆಂಡತಿ ಹೇಳಿದರು.

"ತಪ್ಪಾಯ್ತು ಮೇಸ್ತ್ರಿ. ಇವತ್ತೇ ನನ್ ಜೊತೆ ಬನ್ನಿ. ಒಳಗೆ ಬಂದು ಕರ್ಕೊಂಡು ಹೋಗಿ," ಎಂದೆ. ಅಳು ಬಂದುಬಿಟ್ಟಿತ್ತು.

ಅವರು ನನ್ನ ತೋಳಿನಲ್ಲಿದ್ದ ಕೂಸನ್ನು ನೋಡಿದರು.

"ಹೆಣ್ಣಾ?"

"ಹೂಂ."

ಕೂಸಿನತ್ತ ತೋರುಬೆರಳು ಚಾಚಿ, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡರು.

"ಬಿಡಿ ಅಮ್ಮ. ಅವ್ಳು ಅಲ್ಲೇ ಇರ್ಲಿ. ಕೆಲ್ಸ ಮಾಡೋ ಕಡೆ ಎಲ್ಲಾ ಸುತ್ತಾಡಿಸಿ ಸಾಕಾಗಿತ್ತು. ಈಗ ಒಂದು ಮನೆ ಆಯ್ತು. ನಿಮ್ ಮಗೂಗೂ ಜೊತೆ."

ಅವರ ಹೆಂಡತಿ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ನಾನು ಬಂದ ದಾರಿಯಲ್ಲೇ ವಾಪಸ್ಸಾದೆ. ಮುಂದಿನ ವರ್ಷ ಮತ್ತೆ ಹೋದಾಗ ಆ ಮನೆಯಲ್ಲಿ ಬೇರೆಯವರಿದ್ದರು. ಮೇಸ್ತ್ರಿ ತೀರಿಕೊಂಡರು, ಹೆಂಡತಿ ತವರಿಗೆ ಹೋದರು ಎಂದು ಹೇಳಿದರು.

ಮಗಳು ಮೂರು ನಾಲ್ಕು ವರ್ಷದವಳಾದಾಗ ಸಣ್ಣ ಕೋಣೆಯಲ್ಲೇ ಆಡುತ್ತಿದ್ದಳು, ಮಾತಾಡಿಕೊಳ್ಳುತ್ತ, ನಗುತ್ತ. ಒಂಟಿ ಮಕ್ಕಳೆಲ್ಲ ಹಾಗೆಯೇ ಎಂದು ನನಗೆ ನಾನೇ ಹೇಳಿಕೊಂಡೆ. ಯಾರ ಜೊತೆ ಮಾತಾಡುತ್ತೀಯ ಎಂದು ಕೇಳಲಿಲ್ಲ. ಒಂದು ದಿನ ಅತ್ತೆ ಒಣಗಿದ ಬಟ್ಟೆ ಮಡಿಸುತ್ತ, ತಲೆ ಎತ್ತದೆ, "ಅವತ್ತು ಒಳಗೆ ಬಿಡಬೇಕಿತ್ತು ಕಣೆ," ಎಂದರು. ಅದಕ್ಕೆ ಮೊದಲಾಗಲಿ ಆಮೇಲಾಗಲಿ ನಾವಿಬ್ಬರೂ ಆ ಮಾತೆತ್ತಲಿಲ್ಲ.

ನಿನ್ನೆ ಕೆಲಸ ಮುಗಿಯಿತು. ತೆಳುವಾದ ಫೋಮಿನ ಹಾಳೆ ಹಾಸಿ, ಅದರ ಮೇಲೆ ಹಲಗೆಗಳನ್ನು ಒಂದಕ್ಕೊಂದು ಸಿಕ್ಕಿಸಿ, ಗೋಡೆಯಂಚಿಗೆ ಪಟ್ಟಿ ಬಡಿದು ಹೋದರು. ಸಂಜೆ ಜೆ.ಪಿ. ನಗರದಿಂದ ಮಗಳು ಬಂದಳು. ಚಪ್ಪಲಿ ಬಿಟ್ಟು ನಡುಮನೆಯಿಂದ ಸಣ್ಣ ಕೋಣೆಯವರೆಗೆ ನಡೆದು ನೋಡಿದಳು.

"ಎಷ್ಟು ಬೆಚ್ಚಗಿದೆ ಅಲ್ವಾ ಅಮ್ಮ! ಹಳೇ ನೆಲ ಯಾರು ಹಾಕಿದ್ದು? ಆ ಕೆಲಸದವರು ತುಂಬ ಹೊಗಳ್ತಿದ್ರು."

ಎಲ್ಲವನ್ನೂ ಹೇಳಿಬಿಡೋಣವೆಂದು ಅವಳನ್ನು ಹತ್ತಿರ ಕೂರಿಸಿಕೊಂಡೆ. ಮೊದಲು ಹೆಸರು ಹೇಳಬೇಕಲ್ಲ... ಅವರನ್ನು ನಾವೆಲ್ಲ ಮೇಸ್ತ್ರಿ ಎಂದೇ ಕರೆದೆವು. ಆ ಮಗುವಿನ ನಿಜವಾದ ಹೆಸರನ್ನೂ ನಾನು ಯಾರಲ್ಲೂ ಕೇಳಿರಲಿಲ್ಲ. ಈಗ ಕೇಳಲು ಯಾರೂ ಉಳಿದಿಲ್ಲ.