ಫಿಟ್ ಎಂದು ಬರೆದ ಕೈ

ಹುಣಸೂರಿನ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಮೂವತ್ತು ವರ್ಷ ಸಿಸ್ಟರ್ ಆಗಿ ದುಡಿದೆ. ಕೀವು, ವಾಂತಿ, ಹುಳ ಬಿದ್ದ ಗಾಯ, ಹೆರಿಗೆಯ ರಕ್ತ, ಯಾವುದಕ್ಕೂ ಮೂಗು ಮುಚ್ಚಿಕೊಂಡವಳಲ್ಲ. ಹೇಸಿಗೆ ಅಂದರೇನು ಎಂದು ನನಗೆ ತಿಳಿದದ್ದು ನಿವೃತ್ತಿಯಾದ ಮೇಲೆ, ಒಂದು ಭಾನುವಾರ, ಕಲ್ಯಾಣ ಮಂಟಪದಲ್ಲಿ.

ಅದಕ್ಕೆ ಹದಿನೈದು ದಿನ ಮೊದಲು ಊರಿನಲ್ಲಿ ಜಿಮ್ ನಡೆಸುವವನೊಬ್ಬ ಮನೆಗೆ ಬಂದಿದ್ದ. ಚಿಕ್ಕಂದಿನಲ್ಲಿ ಅವನಿಗೆ ಎಷ್ಟೋ ಸಲ ಇಂಜೆಕ್ಷನ್ ಕೊಟ್ಟಿದ್ದೇನೆ, ಆ ಸಲಿಗೆ ಇತ್ತು.

"ಪ್ರೊಫೆಷನಲ್ ಬಾಕ್ಸಿಂಗ್ ಮಾಡಿಸ್ತಾ ಇವ್ನಿ ಸಿಸ್ಟ್ರೇ, ಟಿಕೆಟ್ ಇಟ್ಟು. ನಮ್ ಕಡೆ ಯಾರೂ ಇಂಗೆ ಮಾಡಿಲ್ಲ. ನಿಮ್ ನರ್ಸಿಂಗ್ ಹೋಮ್ ಡಾಕ್ಟ್ರೇ ಒಪ್ಕಂಡವ್ರೆ. ನೀವು ರಿಂಗ್ ಪಕ್ಕ ಕುಂತ್ಕಂಡ್ರೆ ಸಾಕು."

ನಾನು ಒಪ್ಪಿದೆ. ಮನೆಯಲ್ಲಿ ಕೂತು ಕೂತು ಬೇಸರವಾಗಿತ್ತು. ಮತ್ತೆ ಯಾರೋ ನನ್ನನ್ನು ಕೆಲಸಕ್ಕೆ ಕರೆದರಲ್ಲ ಎಂಬ ಖುಷಿಯೂ ಇತ್ತು ಅನ್ನುವುದನ್ನು ಮುಚ್ಚಿಡುವುದಿಲ್ಲ. ಪೆಟ್ಟಿಗೆಯಿಂದ ಬಿಳಿ ಸೀರೆ ತೆಗೆದು ಇಸ್ತ್ರಿ ಮಾಡಿಸಿದೆ.

ಶನಿವಾರ ಮಧ್ಯಾಹ್ನ ಜಿಮ್ಮಿನಲ್ಲಿ ತೂಕ ಮತ್ತು ವೈದ್ಯಕೀಯ ತಪಾಸಣೆ. ಡಾಕ್ಟರು ಬರಲಿಲ್ಲ, ಮೈಸೂರಿನಲ್ಲಿ ಅವರ ನೆಂಟರ ಮದುವೆ. ಸಹಿ ಹಾಕಿ ಸೀಲ್ ಒತ್ತಿದ ಹನ್ನೆರಡು ಖಾಲಿ ಫಾರಂ ಕಳಿಸಿದ್ದರು. ಫೋನಿನಲ್ಲಿ, "ಬಿಪಿ, ಪಲ್ಸ್ ನೋಡಿ ತುಂಬಿಸಿಬಿಡಿ ಸಿಸ್ಟರ್, ಎಲ್ಲ ಗಟ್ಟಿ ಹುಡುಗರು," ಎಂದರು. ಅಷ್ಟು ವರ್ಷ ಅವರು ಹೇಳಿದ್ದನ್ನು ಮಾಡಿ ಅಭ್ಯಾಸವಾಗಿದ್ದ ನಾನು ಹೂಂ ಎಂದೆ.

ಹುಡುಗರು ಸಾಲಾಗಿ ಚಡ್ಡಿಯಲ್ಲಿ ನಿಂತಿದ್ದರು. ಒಬ್ಬ ಚೂಯಿಂಗ್ ಗಮ್ ಜಗಿಯುತ್ತ ಒಂದು ಬಾಟಲಿಗೆ ಉಗಿಯುತ್ತಲೇ ಇದ್ದ. ಅರ್ಧ ಬಾಟಲಿ ತುಂಬಿತ್ತು. ಎಂಜಲು ಉಗಿದರೂ ತೂಕ ಇಳಿಯುತ್ತದಂತೆ. ಅವನ ಹಿಂದೆ ನಿಂತವನು ಹನಗೋಡಿನ ಆಚೆಯ ಹಳ್ಳಿಯವನು, ಡೇರಿಗೆ ಹಾಲು ಸಾಗಿಸುವ ವ್ಯಾನಿನ ಡ್ರೈವರ್. ಇಪ್ಪತ್ತೈದರ ಆಸುಪಾಸು. ಅವನ ನಾಲಿಗೆ ನೋಡಿದೆ, ಹಳೆಯ ಚಪ್ಪಲಿಯ ಹಾಗೆ ಒಣಗಿತ್ತು. ಕೈಮೇಲಿನ ಚರ್ಮ ಚಿವುಟಿ ಬಿಟ್ಟರೆ ಕೆಳಗಿಳಿಯಲೊಲ್ಲದು. ಭೇದಿಯಾಗಿ ಬರುವ ಮಕ್ಕಳಲ್ಲಿ ನೋಡುವ ಲಕ್ಷಣ ಅದು.

"ನೀರು ಕುಡಿದು ಎಷ್ಟು ಹೊತ್ತಾಯ್ತಪ್ಪ?"

"ನೆನ್ನೆ ಬೆಳಗ್ಗೆ ಕಣಕ್ಕ. ತೂಕ ಇಳೀಬೇಕಲ್ಲ. ನಮ್ಮಾವನ ಬ್ಯಾರನ್ ಒಳ್ಗೆ ಪ್ಲಾಸ್ಟಿಕ್ ಸುತ್ಕಂಡು ಕುಂತಿದ್ದೆ," ಎಂದು ನಕ್ಕ. ಹೊಗೆಸೊಪ್ಪನ್ನು ಬಿಸಿಗಾಳಿಯಲ್ಲಿ ಒಣಗಿಸುವ ಕೋಣೆ ಅದು. ಬೆಂಕಿ ಹಾಕಿದಾಗ ಅದರ ಬಾಗಿಲ ಬಳಿ ನಿಲ್ಲುವುದೇ ಕಷ್ಟ.

ಬಿಪಿ ಪರವಾಗಿಲ್ಲ, ಪಲ್ಸ್ ಜಾಸ್ತಿ. "ತೂಕ ಆದ ತಕ್ಷಣ ಓಆರೆಸ್ ಕುಡಿ," ಎಂದೆ. ಹಿಂದೆ ಯಾವಾಗ ಆಡಿದ್ದೆ, ತಲೆಗೆ ಏಟು ಬಿದ್ದಿತ್ತಾ ಎಂದು ಕೇಳಲಿಲ್ಲ. ಫಾರಂನಲ್ಲಿ ಆ ಪ್ರಶ್ನೆ ಇರಲೂ ಇಲ್ಲ. ಕೆಳಗಿನ ಖಾಲಿ ಜಾಗದಲ್ಲಿ ನೀಲಿ ಪೆನ್ನಿನಿಂದ ಫಿಟ್ ಎಂದು ಬರೆದೆ. ಹನ್ನೆರಡೂ ಹಾಳೆಗೆ ಅದನ್ನೇ ಬರೆದೆ.

ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಶುರು. ಹಿಂದಿನ ದಿನ ಅಲ್ಲಿ ಯಾರದೋ ಮದುವೆಯಾಗಿತ್ತು, ವಧೂವರರು ಕೂರುವ ವೇದಿಕೆಯ ಹೂವಿನ ಅಲಂಕಾರ ಇನ್ನೂ ಬಿಚ್ಚಿರಲಿಲ್ಲ. ಅದರ ಮುಂದೆ ರಿಂಗ್. ಎರಡು ಮೂಲೆಗೂ ಸೇರಿ ಒಂದೇ ಬಕೆಟ್ಟು, ಒಂದೇ ಸ್ಪಂಜು. ಒಬ್ಬನ ಮೂಗಿನ ರಕ್ತ ಒರೆಸಿದ ಸ್ಪಂಜನ್ನು ಅದೇ ನೀರಿಗೆ ಅದ್ದಿ ಇನ್ನೊಬ್ಬನ ಬಾಯಿಗೆ ಹಿಂಡಿದರು. ಬೇರೆ ತನ್ನಿ ಎಂದು ಎರಡು ಸಲ ಹೇಳಿದೆ. ತರುತ್ತೇವೆ ಎಂದವರು ತರಲಿಲ್ಲ. ಮೂರನೆಯ ಆಟದ ಹೊತ್ತಿಗೆ ನೀರು ಬೀಟ್‌ರೂಟ್ ಬೇಯಿಸಿದ ಬಣ್ಣಕ್ಕೆ ತಿರುಗಿತ್ತು.

ಹಾಲಿನ ವ್ಯಾನಿನವನದು ನಾಲ್ಕನೆಯ ಆಟ. ಎದುರಾಳಿ ಹೊರಗಿನಿಂದ ಬಂದವನು. ನಿನ್ನೆ ತೂಕದಲ್ಲಿ ಇಬ್ಬರೂ ಸಮ. ಇವತ್ತು ನೋಡಿದರೆ ಅವನು ಇವನಿಗಿಂತ ಒಂದು ಸುತ್ತು ದಪ್ಪ. ರಾತ್ರಿಯೆಲ್ಲ ಚೆನ್ನಾಗಿ ತಿಂದು ಕುಡಿದು ಮೊದಲಿನಂತಾಗಿದ್ದ. ನಮ್ಮವನ ಕಣ್ಣುಗಳು ಇನ್ನೂ ಗುಳಿಯಲ್ಲೇ ಇದ್ದವು.

ಎರಡನೆಯ ರೌಂಡಿನಲ್ಲಿ ಕಿವಿಯ ಹಿಂದೆ ಒಂದು ಏಟು ಬಿತ್ತು. ಅವನು ಬೀಳಲಿಲ್ಲ. ಗಂಟೆ ಹೊಡೆದಾಗ ನಡೆದುಕೊಂಡು ಹೋಗಿ ಎದುರಾಳಿಯ ಮೂಲೆಯಲ್ಲಿ ಕೂತ. ಜನ ನಕ್ಕರು. ನಾನು ಎದ್ದು ರೆಫ್ರಿಯ ಹತ್ತಿರ ಹೋದೆ. ಅವನು ಜಿಮ್ ಮಾಲೀಕನ ಭಾವಮೈದ.

"ನಿಲ್ಸಿ. ಅವನಿಗೆ ದಿಕ್ಕು ತಿಳೀತಿಲ್ಲ."

ಅವನು ಭಾವನ ಮುಖ ನೋಡಿದ. ಮಾಲೀಕ ಕೆಳಗಿನಿಂದಲೇ ಕೈಯಾಡಿಸಿ, "ಗೆಸ್ಟ್‌ಗಳು ಈಗಷ್ಟೆ ಬಂದವ್ರೆ ಸಿಸ್ಟ್ರೇ. ಇನ್ನೊಂದು ರೌಂಡು ಆಗ್ಲಿ, ಏನೂ ಆಗಕಿಲ್ಲ ಬುಡಿ," ಎಂದ.

ನಾನು ಕುರ್ಚಿಗೆ ವಾಪಸು ಬಂದು ಕೂತೆ. ಹಗ್ಗದೊಳಗೆ ನುಗ್ಗಿ ಅಡ್ಡ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಮೂರನೆಯ ರೌಂಡಿನಲ್ಲಿ ಅವನು ಎರಡು ಸಲ ಬಿದ್ದ, ಎರಡನೆಯ ಸಲ ಹತ್ತು ಎಣಿಸುವವರೆಗೂ ಏಳಲಿಲ್ಲ, ಸೋತ. ಚಪ್ಪಾಳೆ ಬಿತ್ತು. ಮಂಟಪದ ಅಡುಗೆಮನೆಯಿಂದ ನೆಲ ಒರೆಸುವ ಮಾಪ್ ತಂದು ರಿಂಗಿನ ರಕ್ತ ಒರೆಸಿ, ಅದನ್ನು ಹಾಗೇ ಒಳಗೆ ಒಯ್ದರು. ಅಲ್ಲಿ ಬಿರಿಯಾನಿ ದಮ್ಮಿಗಿಟ್ಟಿದ್ದರು.

ಊಟದ ಕೋಣೆಯ ಪಕ್ಕ ಕೈತೊಳೆಯುವ ನಲ್ಲಿಗಳ ಸಾಲು. ಅಲ್ಲಿ ಅವನು ಬಗ್ಗಿ ವಾಂತಿ ಮಾಡುತ್ತಿದ್ದ. ಊಟ ಮುಗಿಸಿ ಬಂದ ಅತಿಥಿಯೊಬ್ಬರು ಎಂಜಲುಗೈ ಮೇಲೆತ್ತಿಕೊಂಡು, "ಆ ಕಡೀಕೋಗ್ಲಾ, ಊಟ ಮಾಡಿರೋ ಹೊಟ್ಟೆ," ಎಂದರು. ಒಂದು ಗಂಟೆಯ ಹಿಂದೆ ಅವನಿಗೆ ಸೀಟಿ ಹೊಡೆದವರೇ ಅವರು. ನಾನು ಟಾರ್ಚ್ ಹಾಕಿ ಅವನ ಕಣ್ಣು ನೋಡಿದೆ. ಒಂದು ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿತ್ತು, ತಲೆಯೊಳಗೆ ಪೆಟ್ಟಾದ ಲಕ್ಷಣ ಅದು.

ಆಂಬುಲೆನ್ಸ್ ಎಂದು ಪಾಂಪ್ಲೆಟ್ಟಿನಲ್ಲಿ ಹಾಕಿದ್ದರು, ನಿಜದಲ್ಲಿ ಇರಲಿಲ್ಲ. ಗೇಟಿಗೆ ಅಡ್ಡವಾಗಿ ಅತಿಥಿಗಳ ಕಾರು ನಿಂತಿತ್ತು, ಅದರ ಡ್ರೈವರು ಊಟಕ್ಕೆ ಕೂತಿದ್ದ. ಕಡೆಗೆ ಅವನನ್ನು ಇಬ್ಬರು ಹೊತ್ತು ರಸ್ತೆಗೆ ತಂದರು, ಬಾಡಿಗೆ ಕಾರೊಂದರಲ್ಲಿ ನಾನೇ ಮೈಸೂರಿಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವನ ತಲೆ ನನ್ನ ತೊಡೆಯ ಮೇಲಿತ್ತು. "ಹಾಲಿನ ಗಾಡಿ ತೆಗೀಬೇಕು, ಹೊತ್ತಾಯ್ತು," ಎಂದು ಅದನ್ನೇ ಹೇಳುತ್ತಿದ್ದ.

ಸ್ಕ್ಯಾನಿನಲ್ಲಿ ಮೆದುಳಿನ ಪಕ್ಕ ಸ್ವಲ್ಪ ರಕ್ತ ಜಿನುಗಿದ್ದು ಕಂಡಿತು. ಆಪರೇಷನ್ ಬೇಡ, ಇಟ್ಟುಕೊಂಡು ನೋಡೋಣ ಎಂದರು. ಅಲ್ಲಿನ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಈ ಹಿಂದೆ ತಲೆಗೆ ಪೆಟ್ಟಾಗಿತ್ತಾ ಎಂದು. ನಾನು ಅದನ್ನು ಕೇಳಿಯೇ ಇರಲಿಲ್ಲ. ಮರುದಿನ ಅವನೇ ಹೇಳಿದ, ಮೂರು ವಾರದ ಹಿಂದೆ ಕೊಪ್ಪದಲ್ಲಿ ನಡೆದ ಇಂಥದ್ದೇ ಆಟದಲ್ಲಿ ಎಚ್ಚರ ತಪ್ಪಿ ಬಿದ್ದಿದ್ದನಂತೆ. ಅಲ್ಲಿಯೂ ಯಾರೋ ಫಿಟ್ ಎಂದು ಬರೆದುಕೊಟ್ಟಿದ್ದರು.

ಅವನ ಹೆಂಡತಿಗೆ ಆಗ ಏಳು ತಿಂಗಳು. ಪ್ಲಾಸ್ಟಿಕ್ ಕವರಿನಲ್ಲಿ ತಾಯಿ ಕಾರ್ಡ್ ಇಟ್ಟುಕೊಂಡು ವಾರ್ಡಿನ ಬೆಂಚಿನಲ್ಲಿ ಕೂತಿದ್ದಳು. ನನ್ನನ್ನು ಕೇಳಿದಳು, "ಅಕ್ಕ, ನಂಗೆ ಒಂದು ಸೂಜಿ ಚುಚ್ಚಿದ್ರೂ ಇದ್ರಲ್ಲಿ ಬರೀತಾರೆ. ಅವ್ರಿಗೆ ಇಂಗೆ ಒಂದು ಪುಸ್ತಕ ಇಲ್ವಾ? ಇದ್ದಿದ್ರೆ ಮೊನ್ನೆ ನೀವೇ ನೋಡಿ ಬ್ಯಾಡ ಅಂತಿದ್ರಿ ಅಲ್ವಾ?"

ಆ ಫಾರಂ ತುಂಬಿಸಿದವಳು ನಾನೇ ಎಂದು ಅವಳಿಗೆ ಗೊತ್ತಿತ್ತೋ ಇಲ್ಲವೋ. ನಾನು ಹೇಳಿದೆ. ಅವಳು ತಾಯಿ ಕಾರ್ಡಿನ ಕವರನ್ನು ಮಡಿಲಿಗೆ ಎಳೆದುಕೊಂಡಳು.

ಮನೆಗೆ ಬಂದು ಒಂದು ವಾರ ಕೂತು ಬರೆದೆ. ಆ ಹುಡುಗಿ ಕೇಳಿದ ಪುಸ್ತಕವೇ ಮೊದಲು. ಪ್ರತಿ ಆಟಗಾರನಿಗೂ ಒಂದು ಕಾರ್ಡ್, ಯಾವ ಊರಿನಲ್ಲಿ ಆಡಿದ, ಎಷ್ಟು ಸಲ ಬಿದ್ದ ಎಲ್ಲ ಅದರಲ್ಲಿ. ಕಾರ್ಡ್ ತೋರಿಸದವನು ರಿಂಗ್ ಹತ್ತುವಂತಿಲ್ಲ. ಎಚ್ಚರ ತಪ್ಪಿದವನಿಗೆ ತಿಂಗಳುಗಟ್ಟಲೆ ರಜೆ, ಆಮೇಲೂ ಸ್ಕ್ಯಾನ್ ನೋಡದೆ ಬಿಡಬಾರದು. ತೂಕವನ್ನು ಆಟದ ದಿನ ಬೆಳಗ್ಗೆಯೂ ನೋಡಬೇಕು, ಒಂದೇ ರಾತ್ರಿಯಲ್ಲಿ ಊದಿಕೊಂಡವನನ್ನು ವಾಪಸು ಕಳಿಸಬೇಕು. ನಿಲ್ಲಿಸಿ ಎಂದು ಡಾಕ್ಟರು ಹೇಳಿದರೆ ನಿಲ್ಲಬೇಕು, ಯಾರ ಮುಖವನ್ನೂ ನೋಡುವ ಹಾಗಿಲ್ಲ. ಡಾಕ್ಟರನ್ನೂ ರೆಫ್ರಿಯನ್ನೂ ಆಟ ಆಡಿಸುವವನೇ ಕರೆತರುವುದು ಬೇಡ, ನೆಂಟರಂತೂ ಬೇಡವೇ ಬೇಡ. ಮೂಲೆಗೊಂದು ಬಕೆಟ್ಟು. ಇದನ್ನೂ ಬರೆಯಬೇಕಾಯಿತಲ್ಲ ಎಂದು ಪೆನ್ನು ಹಿಡಿದ ಕೈಗೇ ಅಸಹ್ಯವಾಯಿತು.

ಜಿಮ್ ಮಾಲೀಕ ನನ್ನನ್ನು ಮೀಟಿಂಗಿಗೆ ಕರೆದ. ಅವನು, ಅವನ ಭಾವಮೈದ, ಕೆ.ಆರ್. ನಗರದಿಂದ ಬಂದ ಇನ್ನೊಂದು ಜಿಮ್ಮಿನವರು. ನಾನು ಓದಿದೆ. ಕೆ.ಆರ್. ನಗರದವರು ಫೋನ್ ನೋಡುತ್ತಲೇ ಕೇಳಿಸಿಕೊಂಡು, "ಇಷ್ಟೆಲ್ಲ ಮಾಡಿದ್ರೆ ಯಾರೂ ಆಡಾಕೆ ಬರಕಿಲ್ಲ ಮೇಡಂ," ಎಂದರು.

"ಬರದಿದ್ರೆ ಬೇಡ."

"ಹುಡುಗ್ರು ಅವ್ರಾಗೇ ಬತ್ತಾರೆ. ನಾವೇನು ಎಳ್ಕಂಡು ಬತ್ತೀವಾ?"

ಮಾಲೀಕ ನಡುವೆ ಬಂದ. "ಇಲ್ಲ ಇಲ್ಲ, ಸಿಸ್ಟ್ರು ಐಡಿಯಾ ಸೂಪರ್ ಆಗೈತೆ. ಮುಂದ್ಲ ಸಲದಿಂದ ಎಲ್ಲಾ ಮಾಡನ," ಎಂದು ಕಾಫಿ ತರಿಸಿದ.

ತಿಂಗಳ ಮೇಲೆ ಬಸ್ ಸ್ಟ್ಯಾಂಡಿನ ಎದುರು ಹೊಸ ಫ್ಲೆಕ್ಸ್ ಬಂತು. ಎಚ್.ಡಿ. ಕೋಟೆ ಹತ್ತಿರದ ಹ್ಯಾಂಡ್‌ಪೋಸ್ಟಿನಲ್ಲಿ ಆಟ. ಕೆಳಗೆ, ಆಟಗಾರರ ಆರೋಗ್ಯವೇ ನಮ್ಮ ಉಸಿರು ಎಂದು ದಪ್ಪ ಅಕ್ಷರ, ಅದರ ಪಕ್ಕ ಬಿಳಿ ಸೀರೆಯಲ್ಲಿ ಕೈಮುಗಿದು ನಗುತ್ತಿರುವ ನಾನು. ನನ್ನ ಬೀಳ್ಕೊಡುಗೆಯ ದಿನದ ಫೋಟೋ ಎಲ್ಲಿಂದಲೋ ತೆಗೆದಿದ್ದರು. ನಾನು ಬರೆದದ್ದೆಲ್ಲ ಬಿಟ್ಟು ಅವರು ತೆಗೆದುಕೊಂಡದ್ದು ನನ್ನ ಮುಖ ಒಂದನ್ನೇ. ಮನೆಗೆ ಹೋಗಿ ಬ್ಯಾಂಡೇಜ್ ಕತ್ತರಿ ತಂದೆ. ಹಗಲು ಹೊತ್ತಿನಲ್ಲೇ, ಆಟೋದವರೆಲ್ಲ ನೋಡುತ್ತಿರುವಾಗ, ಕೈಗೆಟುಕುವ ಎತ್ತರದಲ್ಲಿದ್ದ ನನ್ನ ಫೋಟೋವನ್ನು ಕತ್ತರಿಸಿ ಮಡಚಿ ಚೀಲಕ್ಕೆ ಹಾಕಿಕೊಂಡೆ.

ಅದೇ ಫ್ಲೆಕ್ಸಿನ ನಡುವೆ ಹಾಲಿನ ವ್ಯಾನಿನವನೂ ಇದ್ದ, ಮುಷ್ಟಿ ಕಟ್ಟಿಕೊಂಡು. ಎರಡು ದಿನ ಬಿಟ್ಟು ಅವನು ಒಂದು ಚೀಲ ಅವರೆಕಾಯಿ ಹಿಡಿದು ಮನೆಗೆ ಬಂದ.

"ಫಿಟ್ ಅಂತ ಒಂದು ಬರ್ಸ್ಕೊಡಿ ಸಿಸ್ಟ್ರೇ. ನಿಮ್ ಡಾಕ್ಟ್ರು ನಿಮ್ ಮಾತು ಕೇಳ್ತಾರೆ."

"ತಲೆ ಒಳಗೆ ರಕ್ತ ಸುರಿದಿದೆ ನಿನಗೆ. ಒಂದು ವರ್ಷ ರಿಂಗ್ ಕಡೆ ತಲೆ ಹಾಕಬೇಡ ಅಂತ ಮೈಸೂರಲ್ಲಿ ಹೇಳಲಿಲ್ವಾ?"

"ಈಗ ಚೆಂದಾಗಿವ್ನಿ."

"ಬರೆಸಿಕೊಡಲ್ಲ."

ಅವನು ಅವರೆಕಾಯಿ ಚೀಲವನ್ನು ನನ್ನ ಕಡೆ ಸರಿಸಿದ. "ಆವತ್ತು ಬರ್ಕೊಟ್ರಿ. ಈವತ್ತೇನಾಯ್ತು?"

"ಆವತ್ತು ತಪ್ಪು ಮಾಡಿದೆ."

"ಅಕ್ಕ, ಹಾಲಿನ ಗಾಡಿ ಓಡ್ಸೋನ ಮೊಕ ಯಾರು ನೋಡ್ತಾರೆ? ಈಗ ಬಸ್ ಸ್ಟ್ಯಾಂಡಲ್ಲಿ ಹಾಕವ್ರೆ. ನಮ್ಮಪ್ಪ ಬಂದು ನಿಂತ್ಕಂಡು ನೋಡ್ಕಂಡು ಹೋದ," ಎಂದ. ನನಗೆ ಅಯ್ಯೋ ಅನ್ನಿಸಿತು, ಆದರೂ ಆಗುವುದಿಲ್ಲ ಎಂದೆ. ಅವನು ಅವರೆಕಾಯಿ ಅಲ್ಲೇ ಬಿಟ್ಟು ಹೋದ.

ಬೇರೆ ಯಾರೋ ಬರೆದುಕೊಟ್ಟರು. ಹ್ಯಾಂಡ್‌ಪೋಸ್ಟಿನಲ್ಲಿ ಅವನು ಆಡಿದ, ಗೆದ್ದ. ಜಿಮ್ ಮಾಲೀಕ ನನ್ನ ಫೋನಿಗೆ ವಿಡಿಯೋ ಕಳಿಸಿ ಜೊತೆಗೆ ಮಾತನ್ನೂ ರೆಕಾರ್ಡ್ ಮಾಡಿ ಹಾಕಿದ: "ನೋಡಿ ಸಿಸ್ಟ್ರೇ, ಏನಾಯ್ತು? ಏನೂ ಆಗ್ಲಿಲ್ಲ." ನಾನು ವಿಡಿಯೋ ಎರಡು ಸಲ ನೋಡಿದೆ. ಗೆದ್ದು ಕೈ ಎತ್ತಿಸಿಕೊಳ್ಳಲು ರಿಂಗಿನ ನಡುವೆ ನಡೆದು ಬರುವಾಗ ಅವನು ಎಡಗಾಲನ್ನು ಸ್ವಲ್ಪ ಎಳೆಯುತ್ತಿದ್ದ. ಬೇರೆಯವರಿಗೆ ಅದು ಕಾಣುವಂಥದ್ದಲ್ಲ.

ಹೆರಿಗೆ ಅವನ ಹೆಂಡತಿಯ ತವರಿನಲ್ಲಾಯಿತು, ಪಿರಿಯಾಪಟ್ಟಣದ ಹತ್ತಿರದ ಹಳ್ಳಿ. ಹೆಣ್ಣುಮಗು. ಅವಳು ಫೋನ್ ಮಾಡಿ ಕರೆದಳು, ನೋಡಿ ಬರಲು ಹೋದೆ. ಅವನೂ ಬಂದಿದ್ದ, ನನ್ನ ಮೇಲಿನ ಕೋಪ ಮರೆತವನಂತೆ ತಾನೇ ಎದ್ದು ಕಾಫಿ ಮಾಡಿದ. ಲೋಟ ಮೂಗಿನ ಹತ್ತಿರ ತರುವಾಗಲೇ ನನಗೆ ಗೊತ್ತಾಯಿತು, ಹಾಲು ಕೆಟ್ಟಿತ್ತು, ಹುಳಿ ವಾಸನೆ ಗಪ್ಪೆಂದು ಹೊಡೆಯಿತು. ಅವನು ಮಾತ್ರ ಅರ್ಧ ಲೋಟ ಕುಡಿದು ಮುಗಿಸಿದ್ದ.

ಬಾಗಿಲ ಬಳಿ ಕೂತಿದ್ದ ಅವನ ಹೆಂಡತಿ ಹೇಳಿದಳು: "ಆಸ್ಪತ್ರೆಯಿಂದ ಬಂದಾಗಿಂದ ಅವ್ರಿಗೆ ವಾಸ್ನೆನೇ ತಿಳೀತಿಲ್ಲ ಅಕ್ಕ. ಮಗು ಕಕ್ಕ ಮಾಡಿದ್ರೂ ಗೊತ್ತಾಗಕಿಲ್ಲ. ಡೇರೀಲಿ ಹಾಲು ಕೆಟ್ಟೈತಾ ಅಂತ ಬೇರೆಯೋರ್ನ ಕೇಳ್ತಾರೆ. ಯಾರಿಗೂ ಹೇಳ್ಬ್ಯಾಡ ಅಂದಿದ್ರು."

ಅವನು ಲೋಟ ಕೆಳಗಿಟ್ಟ. ತಲೆಗೆ ಪೆಟ್ಟಾದವರಲ್ಲಿ ಕೆಲವರಿಗೆ ಹೀಗಾಗುತ್ತದೆ, ಮತ್ತೆ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದು ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ.

"ನೀವು ಎಷ್ಟು ಬರ್ದುಕೊಟ್ರೂ ಅವ್ರು ಕೇಳಾಕಿಲ್ಲ," ಎಂದು ಅವಳು ನನಗೆ ಹೇಳಿ, ಗಂಡನ ಕಡೆ ತಿರುಗಿದಳು. "ಆ ಗ್ಲೌಸು ಮನೇಲಿರೋಗಂಟ ನಾನು ಬರಕಿಲ್ಲ ಕಣ್ರೀ. ಮಗೀನೂ ಕಳ್ಸಕಿಲ್ಲ." ದನಿ ಎತ್ತಲಿಲ್ಲ. ಅವಳ ತಾಯಿ, "ಬುಡವ್ವ, ಬಾಣಂತಿ ಇಂಗೆಲ್ಲ ಮಾತಾಡ್ಬಾರ್ದು," ಎಂದರೂ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಐದು ತಿಂಗಳು ಕಳೆದು ಗಂಡ ಕರೆದೊಯ್ಯಲು ಬಂದಾಗಲೂ ಅವಳು ಹೊರಡಲಿಲ್ಲ. ಅವನ ಅಪ್ಪ ಬಂದು ಕೇಳಿದರು, ಹೋಗಲಿಲ್ಲ. ಕೊನೆಗೆ ಅವನು ಜಿಮ್ ಮಾಲೀಕನಿಗೆ ಇನ್ನು ಆಡುವುದಿಲ್ಲ ಎಂದು ಹೇಳಿ, ಗ್ಲೌಸು ಅಲ್ಲಿಯೇ ಕೊಟ್ಟು ಬಂದು, ಅವಳನ್ನು ಕರೆದುಕೊಂಡು ಹೋದ. ಈಗಲೂ ವ್ಯಾನ್ ಓಡಿಸುತ್ತಾನೆ. ವಾಸನೆ ಮರಳಿಲ್ಲ.

ಅವನ ಜಾಗಕ್ಕೆ ಮಾಲೀಕ ಬೇರೊಬ್ಬನನ್ನು ಹುಡುಕಿಕೊಂಡ. ಆಟ ನಡೆಯುತ್ತಲೇ ಇದೆ. ಹೆತ್ತು ಇನ್ನೂ ಸೊಂಟ ಗಟ್ಟಿಯಾಗದ ಒಬ್ಬ ಹುಡುಗಿ, ಒಬ್ಬ ರೆಫ್ರಿ, ಒಬ್ಬ ಡಾಕ್ಟರು, ಒಬ್ಬ ಸಿಸ್ಟರ್ ಮಾಡಬೇಕಿದ್ದ ಕೆಲಸವನ್ನು ತಾನೊಬ್ಬಳೇ ಮಾಡಿದಳು. ಅದಕ್ಕೆ ಜನ ಅವಳಿಗೆ ಇಟ್ಟ ಹೆಸರು ಗಂಡನ ಹೆಸರು ಕೆಡಿಸಿದವಳು ಎಂದು. ಆ ಮಾತು ನನ್ನ ಕಿವಿಗೆ ಬಿದ್ದ ದಿನ ಅನ್ನ ಸೇರಲಿಲ್ಲ.