ಹಪ್ಪಳ ಮುರಿದ ಮೌನ

ಸದ್ದಿಲ್ಲದೆ ತಿನ್ನಲಾಗದ ಪದಾರ್ಥವೊಂದು ಲೋಕದಲ್ಲಿದ್ದರೆ ಅದು ಹಪ್ಪಳ. ಮುದ್ದೆ ಪರಮ ಮೌನಿ. ಗಂಟಲಿಗೂ ಸುದ್ದಿ ಮುಟ್ಟಿಸದೆ ಇಳಿದುಹೋಗುತ್ತದೆ. ಹಪ್ಪಳಕ್ಕೆ ಮಾತ್ರ ತನ್ನ ಅಂತ್ಯವನ್ನು ಪಂಕ್ತಿಗೆಲ್ಲ ಸಾರಿಯೇ ತೀರುವ ಹಠ. ಈ ಪರಮಸತ್ಯ ನನಗೆ ದರ್ಶನವಾದದ್ದು, ನಂಬಿದರೆ ನಂಬಿ, ಹಿರಿಯೂರಿನ ಹತ್ತಿರದ ಒಂದು ಧ್ಯಾನಕೂಟದಲ್ಲಿ.

ಧ್ಯಾನಕೂಟವನ್ನು ನಮ್ಮ ಚರ್ಚಿನವರು ರಿಟ್ರೀಟ್ ಎನ್ನುತ್ತಾರೆ. ಚಿತ್ರದುರ್ಗದಲ್ಲಿ ಚರಿತ್ರೆಯ ಪಾಠ ಹೇಳುವ ನನಗೆ ರಿಟ್ರೀಟ್ ಎಂದರೆ ಸೋತ ಸೈನ್ಯ ಕಾಲ್ತೆಗೆಯುವುದು. ಕೋಟೆಯ ನೆರಳಲ್ಲಿ ಬೆಳೆದವನು ಹಾಗೆಲ್ಲ ಕಾಲ್ತೆಗೆಯುವುದುಂಟೇ ಎಂಬ ಜಂಭ ಬೇರೆ. ಆದರೂ ನನ್ನ ಹೆಂಡತಿ ಫಿಲೋಮಿನಾಳ ಬೆನ್ನುಹತ್ತಿ ಹಲವು ಬಗೆಯವನ್ನು ಕಂಡಿದ್ದೇನೆ. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ಊರ ಚರ್ಚಿನಲ್ಲೇ ಬೆಳಿಗ್ಗೆ ಕೂತು ಸಂಜೆಗೆ ಏಳುವುದೊಂದು. ಅದರಲ್ಲಿ ಊಟದವರೆಗೆ ಉಪದೇಶ, ಊಟದ ಮೇಲೆ ತೂಕಡಿಕೆ. ಚಪ್ಪಾಳೆ, ಡೋಲಕ್ಕು, ಕಣ್ಣೀರುಗಳಿಂದ ಭೋರ್ಗರೆಯುವುದು ಇನ್ನೊಂದು. ಅದರಲ್ಲಿ ದೇವರಿಗೂ ಮಾತಾಡಲು ಸಂದು ಸಿಗದು. ದಂಪತಿಗಳನ್ನು ಜೋಡಿಯಾಗಿ ಕೂರಿಸಿ ಒಬ್ಬರ ಗುಣವನ್ನು ಇನ್ನೊಬ್ಬರಿಂದ ಹೇಳಿಸುವುದೂ ಉಂಟು. ಅಲ್ಲಿ ನಾನು ತಡವರಿಸಿದ್ದನ್ನು ಅವಳು ಇನ್ನೂ ಮರೆತಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲೊಮ್ಮೆ ನಾವಿಬ್ಬರೂ ಮಾತು ಬಿಟ್ಟಿದ್ದೆವು. ನರ್ಸಾಗಿದ್ದ ಅವಳಿಗೆ ಬಡ್ತಿ ಬಂದು ಹೊಸದುರ್ಗಕ್ಕೆ ವರ್ಗವಾಗಿತ್ತು. ಬಡ್ತಿ ಬೇಡವೆನ್ನು ಎಂದು ನಾನು, ಯಾಕೆನ್ನಲಿ ಎಂದು ಅವಳು. ಸೋಮವಾರ ಹೊರಡಬೇಕು. ಹೀಗೆ ಮುಖ ತಿರುಗಿಸಿಕೊಂಡೇ ಹೊರಟುಬಿಟ್ಟರೆ ಹೊಸದುರ್ಗ ನಕ್ಷೆಯಲ್ಲಿರುವುದಕ್ಕಿಂತ ದೂರವಾಗುತ್ತದೆಂದು ನನಗೆ ಭಯ. ಮೊದಲು ಮಾತಾಡಲು ಮೀಸೆ ಅಡ್ಡ. ಶನಿವಾರ ಅವಳು ಧ್ಯಾನಕೂಟಕ್ಕೆ ಹೊರಟದ್ದು ಕಂಡು, ಚಪ್ಪಾಳೆಯ ಗದ್ದಲದಲ್ಲಿ ಹೇಗೋ ಮಾತು ಬೆರೆತೀತೆಂದು ನಾನೂ ಬಸ್ಸು ಹತ್ತಿದೆ. ಹೋಗಿ ನೋಡಿದರೆ ಅದು ಮೌನದ ಧ್ಯಾನಕೂಟ. ಭಾನುವಾರ ಸಂಜೆಯವರೆಗೆ ಯಾರೂ ತುಟಿ ಬಿಚ್ಚುವಂತಿಲ್ಲವೆಂದು ಫಾದರ್ ಸಾರಿದರು. ಮನೆಯಲ್ಲಿ ಬಿಟ್ಟಿಯಾಗಿ ನಡೆಸುತ್ತಿದ್ದ ವ್ರತಕ್ಕೆ ಟಿಕೆಟ್ಟು ತೆಗೆಸಿ ಬಂದಂತಾಯಿತು. ವಿಚಿತ್ರವೆಂದರೆ, ಮಾತಾಡಬಾರದು ಎಂದೊಡನೆ ಅವಳಿಗೆ ಹೇಳಬೇಕಾದದ್ದೆಲ್ಲ ನಾಲಿಗೆಯ ತುದಿಗೆ ಬಂದು ನಿಂತಿತು.

ಮಧ್ಯಾಹ್ನದ ಊಟಕ್ಕೆ ಎದುರುಬದುರು ಕೂತೆವು. ಬಡಿಸುತ್ತಿದ್ದ ಜವನಗೊಂಡನಹಳ್ಳಿಯ ಗೌರಮ್ಮ, "ಬೇಕೋ ಬ್ಯಾಡೋ ಬಾಯ್ಬಿಟ್ಟು ಹೇಳ್ದಿದ್ರೆ ನಮಗೆಂಗ್ ಗೊತ್ತಾಗ್ತೈತ್ರಿ?" ಎಂದು ಗೊಣಗುತ್ತ ಎರಡನೆಯ ಮುದ್ದೆ ಇಟ್ಟರು. ಬೇಡವೆಂದು ತಲೆಯಾಡಿಸಿದೆ, ಅದನ್ನು ಸಮ್ಮತಿಯೆಂದು ತಿಳಿದು ಮೂರನೆಯದಕ್ಕೆ ಕೈ ಹಾಕಿದರು. ಗಾಬರಿಯಲ್ಲಿ ಹಪ್ಪಳ ಕಚ್ಚಿದೆ. ಆ ನಿಶ್ಶಬ್ದದಲ್ಲಿ ಅದು ಮುರಿದ ಸದ್ದಿಗೆ ಫಾದರ್ ಸಮೇತ ಎಲ್ಲರೂ ತಿರುಗಿದರು. ಫಿಲೋಮಿನಾ ನಗು ತಡೆಯಲಾರದೆ ಸೆರಗು ಬಾಯಿಗಿಟ್ಟಳು, ಆಮೇಲೆ ನನ್ನ ತಟ್ಟೆಗೆ ಕೈ ಅಡ್ಡ ಹಿಡಿದು, "ಸಾಕು ಬಿಡ್ರಮ್ಮ, ಇವ್ರಿಗೆ ಎದೆ ಉರಿ ಬರ್ತೈತೆ. ನಾಳಿದ್ದಿಂದ ನೋಡ್ಕಳಕ್ಕೆ ನಾನೂ ಇರಲ್ಲ" ಎಂದುಬಿಟ್ಟಳು.

ಫಾದರ್ ಒಮ್ಮೆ ಕೆಮ್ಮಿ ಸಾರಿನ ಕಡೆ ನೋಡಿದರು. ಬಿಟ್ಟು ಹೋಗುವುದು ಅವಳಿಗೂ ಕಷ್ಟವಾದೀತೆಂದು ಚರಿತ್ರೆಯ ಪಂಡಿತನಿಗೆ ಹೊಳೆದೇ ಇರಲಿಲ್ಲ. "ಹೋಗ್ಬಾ. ಸೋಮವಾರ ಪೆಟ್ಟಿಗೆ ನಾನೇ ಹೊತ್ಕಂಡು ಬರ್ತೀನಿ" ಎಂದೆ. ನಾನು ಕಾಲ್ತೆಗೆದದ್ದು ಅಲ್ಲೇ, ಮುದ್ದೆಯ ಮುಂದೆ.

ಮುಂದೆ ಅವಳು ಹೊಸದುರ್ಗದಲ್ಲಿದ್ದಷ್ಟು ಕಾಲ ವಾರವಿಡೀ ಮುದ್ದೆ, ಸಾರಿನಲ್ಲೇ ಕಳೆದೆ. ಹಪ್ಪಳ ಕರಿಯುತ್ತಿದ್ದುದು ಅವಳು ಬರುವ ಶನಿವಾರ ಮಾತ್ರ. ಒಬ್ಬನೇ ಕೂತು ಕಚ್ಚಿದರೆ, ಸದ್ದಿಗೆ ತಿರುಗಿ ನೋಡಿ ನಗಲು ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ.